ಒಂಟಿಯಾಗಿ ಆಡುವುದೋ, ಜೊತೆಗಾರರನ್ನು ಕಟ್ಟಿಕೊಂಡೋ?

1998ರಲ್ಲಿ ಬಂದ ‘ಬಾಲ್ಡರ್ಸ್ ಗೇಟ್’ ಅನ್ನುವ ಕಂಪ್ಯೂಟರ್ ಆಟದಲ್ಲಿ ಪರದೆಯ ಬಲಗಡೆ ಆರು ಚೌಕಗಳಿವೆ. ಒಂದರಲ್ಲಿ ನಿಮ್ಮ ಪಾತ್ರದ ಮುಖ. ಉಳಿದ ಐದು ಜೊತೆಗಾರರಿಗೆ. ದಾರಿಯಲ್ಲಿ ಸಿಕ್ಕವರನ್ನು ಸೇರಿಸಿಕೊಳ್ಳುತ್ತಾ ಹೋದರೆ ಚೌಕಗಳು ಒಂದೊಂದಾಗಿ ತುಂಬುತ್ತವೆ. ಆದರೆ ಸೇರಿಸಿಕೊಳ್ಳಲೇಬೇಕು ಅಂತ ಆಟ ಹಟ ಹಿಡಿಯುವುದಿಲ್ಲ. ಯಾರೂ ಬೇಡ ಅಂದರೆ ಯಾರೂ ಇಲ್ಲ. ಹಾಗೆ ಒಂಟಿಯಾಗಿಯೇ ಹೊರಟು ಕೊನೆಯ ಶತ್ರುವನ್ನೂ ಕೆಡವಿದವರು ಬೇಕಾದಷ್ಟು ಮಂದಿ ಇದ್ದಾರೆ.

ಇದನ್ನು ಸಾಮಾನ್ಯವಾಗಿ ಸುಲಭ–ಕಷ್ಟದ ಪ್ರಶ್ನೆ ಅಂತ ನೋಡುತ್ತಾರೆ. ಜನ ಜಾಸ್ತಿ ಇದ್ದರೆ ಸುಲಭ, ಒಬ್ಬರೇ ಆದರೆ ಕಷ್ಟ, ಇಷ್ಟೇ ಅಲ್ವಾ ಅಂತ. ನನಗೆ ಹಾಗನ್ನಿಸುವುದಿಲ್ಲ. ಲೆಕ್ಕ ಹಾಕಿ ನೋಡಿದರೆ ಒಂಟಿ ಆಟಗಾರರು ಬಲದಲ್ಲಿ ಕಳೆದುಕೊಳ್ಳುವುದು ಅಂಥ ದೊಡ್ಡದೇನಲ್ಲ. ಅವರ ಕೈತಪ್ಪಿ ಹೋಗುವುದು ಬೇರೆಯೇ ಒಂದಿದೆ.

ಒಂದು ಪಾತ್ರವಾಗಿ ಸಾಹಸಕ್ಕೆ ಹೊರಡುವ ಈ ಬಗೆಯ ಆಟ (ರೋಲ್ ಪ್ಲೇಯಿಂಗ್ ಗೇಮ್) ಹುಟ್ಟಿದ್ದೇ ಗುಂಪಿನಲ್ಲಿ. 1974ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ತಂದಾಗ ಅದು ಮೇಜಿನ ಸುತ್ತ ಕೂತು, ದಾಳ ಉರುಳಿಸಿ, ಮಾತಾಡುತ್ತಾ ಆಡುವ ಆಟ. ಒಂದೊಂದು ಪಾತ್ರದ ಹಿಂದೆ ಒಬ್ಬೊಬ್ಬ ಗೆಳೆಯ. ಅದು ಕಂಪ್ಯೂಟರಿಗೆ ಬಂದಾಗ ಗೆಳೆಯರು ಹೊರಗುಳಿದರು. ಆ ಖಾಲಿ ಜಾಗಕ್ಕೆ ಎರಡು ಉತ್ತರ ಸಿಕ್ಕವು. 1980ರ ‘ರೋಗ್’ ಒಬ್ಬರನ್ನೇ ನೆಲಮಾಳಿಗೆಗೆ ಇಳಿಸಿತು. 1981ರ ‘ವಿಜರ್ಡ್ರಿ’ ಆರು ಪಾತ್ರಗಳನ್ನು ಒಬ್ಬರ ಕೈಗೇ ಕೊಟ್ಟಿತು. ಜಪಾನಿನ ‘ಡ್ರ್ಯಾಗನ್ ಕ್ವೆಸ್ಟ್’ ಎರಡೂ ದಾರಿ ತುಳಿಯಿತು. 1986ರಲ್ಲಿ ಒಬ್ಬ ವೀರ, 1987ರ ಎರಡನೇ ಭಾಗದಲ್ಲಿ ಮೂವರು, 1988ರ ಮೂರನೆಯದರಲ್ಲಿ ನಾಲ್ವರು.

ಈಗ ಲೆಕ್ಕಕ್ಕೆ ಬರೋಣ. ಬಾಲ್ಡರ್ಸ್ ಗೇಟ್‌ನಲ್ಲಿ ಶತ್ರುವನ್ನು ಕೊಂದಾಗ ಸಿಗುವ ಅನುಭವದ ಅಂಕ ಗುಂಪಿನಲ್ಲಿ ಹಂಚಿಹೋಗುತ್ತದೆ. ಆರು ಜನ ಇದ್ದರೆ ಆರು ಪಾಲು. ಒಬ್ಬರೇ ಇದ್ದರೆ ಪೂರ್ತಿ ನಿಮ್ಮದೇ. ಆರು ಪಟ್ಟು ಅಂಕ ಬಂದರೆ ಆರು ಪಟ್ಟು ಬಲ ಬಂದ ಹಾಗೆ ಅನ್ನಿಸುತ್ತದೆ. ಆದರೆ ಲೆವೆಲ್, ಅಂದರೆ ಪಾತ್ರದ ಬಲದ ಮಟ್ಟ, ಏರುವ ಮೆಟ್ಟಿಲು ನೋಡಿ. ಕತ್ತಿವೀರ 2ನೇ ಲೆವೆಲ್‌ಗೆ ಏರಲು 2,000 ಅಂಕ ಬೇಕು. 3ಕ್ಕೆ 4,000, 4ಕ್ಕೆ 8,000, 5ಕ್ಕೆ 16,000, 6ಕ್ಕೆ 32,000. ಪ್ರತಿ ಸಲವೂ ಎರಡು ಪಟ್ಟು.

ಒಂದು ಗುಂಪು ಒಟ್ಟು 12,000 ಅಂಕ ಗಳಿಸಿತು ಅಂದುಕೊಳ್ಳಿ. ಆರು ಜನರಲ್ಲಿ ತಲಾ 2,000 ಬಂತು. ಎಲ್ಲ ಕತ್ತಿವೀರರೂ 2ನೇ ಲೆವೆಲ್. ಅಷ್ಟೇ ಅಂಕ ಒಬ್ಬರಿಗೇ ಬಂದರೆ 4ನೇ ಲೆವೆಲ್. ಗಳಿಕೆ 48,000 ಆದಾಗ ಗುಂಪಿನವರು 4ರಲ್ಲಿ, ಒಂಟಿ ವೀರ 6ರಲ್ಲಿ. ಆರು ಪಟ್ಟು ಗಳಿಕೆಗೆ ಸಿಕ್ಕಿದ್ದು ಎರಡೇ ಮೆಟ್ಟಿಲು! ಮೆಟ್ಟಿಲು ದುಪ್ಪಟ್ಟಾಗುತ್ತಾ ಹೋಗುವ ಕಡೆ ಆರು ಪಟ್ಟು ಅಂದರೆ ಎರಡೂವರೆ ಜಿಗಿತ, ಅಷ್ಟೇ. ಲಾಗರಿತಮ್ ಕಲಿಸುವವರಿಗೆ ಇದಕ್ಕಿಂತ ಒಳ್ಳೆ ಉದಾಹರಣೆ ಸಿಗುವುದು ಕಷ್ಟ. ಸಾಲದು ಅಂತ ಮೂಲ ಆಟದಲ್ಲಿ 89,000 ಅಂಕಕ್ಕೆ ಬೇಲಿ ಹಾಕಿದ್ದಾರೆ. ಒಂಟಿ ಆಟಗಾರರು ಅಲ್ಲಿಗೆ ಬೇಗ ತಲುಪಿ, ಆಮೇಲೆ ಅಲ್ಲೇ ನಿಲ್ಲಬೇಕು.

ಹಾಗಾದರೆ ಒಂಟಿತನ ಬರೀ ನಷ್ಟವೇ? ಅದೂ ಅಲ್ಲ. ಇನ್ನೊಂದು ಚಿಕ್ಕ ಲೆಕ್ಕ ಮಾಡಿ ನೋಡಿ. ಒಂದು ಕಡೆ ನಾಲ್ಕು ಜನ. ಒಬ್ಬೊಬ್ಬರಿಗೂ 10 ಜೀವ (ಅಂದರೆ 10 ಪೆಟ್ಟು ತಿಂದರೆ ಬೀಳುತ್ತಾರೆ), ಒಂದು ಏಟಿಗೆ 1 ಪೆಟ್ಟು. ಇನ್ನೊಂದು ಕಡೆ ಒಬ್ಬರೇ. 40 ಜೀವ, ಏಟಿಗೆ 4 ಪೆಟ್ಟು. ಕೂಡಿದರೆ ಎರಡೂ ಕಡೆ ಸಮ. ಸರದಿಯಂತೆ ಹೊಡೆದಾಡಿಸಿ, ಮೊದಲ ಏಟು ಒಂಟಿಯದಿರಲಿ. ಒಬ್ಬೊಬ್ಬರನ್ನು ಉರುಳಿಸಲು ಮೂರು ಏಟು, ಒಟ್ಟು ಹನ್ನೆರಡು ಸುತ್ತು. ಅಷ್ಟರಲ್ಲಿ ಒಂಟಿ ವೀರ ತಿನ್ನುವುದು 26 ಪೆಟ್ಟು. ಇನ್ನೂ 14 ಜೀವ ಉಳಿದಿರುತ್ತದೆ. ಯಾಕೆ ಹೀಗೆ? ಗುಂಪಿನಲ್ಲಿ ಒಬ್ಬರು ಬಿದ್ದರೆ ಹೊಡೆಯುವ ಬಲದಲ್ಲಿ ಕಾಲು ಭಾಗ ಹೋಯಿತು. ಒಂಟಿ ವೀರ ಮಾತ್ರ ಕೊನೇ ಉಸಿರಿನವರೆಗೂ ಅದೇ ಜೋರಿನಲ್ಲಿ ಹೊಡೆಯುತ್ತಾನೆ. ಆಟಗಳಲ್ಲಿ ಗಾಯವಾದವರ ಕೈ ಸೋಲುವುದಿಲ್ಲವಲ್ಲ.

ಅಂದರೆ ಪೆಟ್ಟು, ಜೀವ ಇವೆರಡರ ಲೆಕ್ಕದಲ್ಲಿ ಒಂಟಿತನ ತೊಂದರೆಯೇ ಅಲ್ಲ, ಮೊತ್ತ ಸಮ ಇದ್ದರೆ. 2017ರ ‘ಡಿವಿನಿಟಿ: ಒರಿಜಿನಲ್ ಸಿನ್ 2’ ತಯಾರಿಸಿದವರು ಇದನ್ನು ಚೆನ್ನಾಗಿ ತಿಳಿದಿದ್ದರು. ‘ಲೋನ್ ವುಲ್ಫ್’ ಅನ್ನುವ ಗುಣ ಆರಿಸಿಕೊಂಡು ಒಬ್ಬರೇ ಅಥವಾ ಇಬ್ಬರೇ ಹೊರಟರೆ, ಪ್ರತಿ ಸರದಿಗೂ ಹೆಚ್ಚು ಕೆಲಸ ಮಾಡಬಹುದು. ಗುಣಗಳಿಗೆ ಹಾಕಿದ ಅಂಕಕ್ಕೆ ದುಪ್ಪಟ್ಟು ಫಲ. ಆ ಆಟದಲ್ಲಿ ಇದು ಬಡಪಾಯಿಗಳಿಗೆ ಕೊಟ್ಟ ಊರುಗೋಲಲ್ಲ, ಒಳ್ಳೇ ಗಟ್ಟಿ ದಾರಿ.

ಒಂಟಿ ಆಟ ಕೈಕೊಡುವುದು ಬೇರೆ ಕಡೆ. ಅಲ್ಲಿ ಇರುವುದು ಒಂದೇ ಕುತ್ತಿಗೆ. ಕೈಕಾಲು ಮರಗಟ್ಟಿಸುವ ಮಂತ್ರವೊಂದು ನಾಲ್ಕರಲ್ಲಿ ಒಂದು ಸಲ ತಗಲುತ್ತದೆ ಅಂತಿಟ್ಟುಕೊಳ್ಳಿ. ಒಬ್ಬರೇ ಇದ್ದರೆ ನಾಲ್ಕರಲ್ಲಿ ಒಂದು ಸಲ ಕಥೆ ಮುಗಿದಂತೆ. ನಾಲ್ಕು ಜನರ ಮೇಲೂ ಒಟ್ಟಿಗೆ ಬಿದ್ದರೆ, ನಾಲ್ವರೂ ಮರಗಟ್ಟುವ ಸಾಧ್ಯತೆ 256ರಲ್ಲಿ ಒಂದು. ಒಬ್ಬರು ಎದ್ದು ನಿಂತಿದ್ದರೂ ಸಾಕು, ಔಷಧಿಯೋ ಬಿಡುಗಡೆಯ ಮಂತ್ರವೋ ಇರುತ್ತದೆ. ವಿಮಾನಕ್ಕೆ ಒಂದಕ್ಕಿಂತ ಹೆಚ್ಚು ಎಂಜಿನ್ ಇಡುವುದು ವೇಗಕ್ಕೆ ಮಾತ್ರ ಅಲ್ಲ. ಒಂದು ಕೆಟ್ಟರೆ ಇನ್ನೊಂದು ಇರಲಿ ಅಂತ. ಜೊತೆಗಾರರೂ ಹಾಗೇ.

ಇದರಿಂದಾಗಿ ಒಂಟಿ ಆಟಗಾರರು ಬೇರೆಯದೇ ಬಗೆಯಲ್ಲಿ ಯೋಚಿಸುತ್ತಾರೆ. ಬಾಲ್ಡರ್ಸ್ ಗೇಟ್‌ನ ಒಂದು ಬಯಲಿನಲ್ಲಿ ಬ್ಯಾಸಿಲಿಸ್ಕ್ ಅನ್ನುವ ಹಲ್ಲಿಯಂಥ ಪ್ರಾಣಿಗಳಿವೆ. ಅವು ದಿಟ್ಟಿಸಿದರೆ ಮನುಷ್ಯ ಕಲ್ಲಾಗುತ್ತಾನೆ. ನಿಮ್ಮ ಮುಖ್ಯ ಪಾತ್ರ ಕಲ್ಲಾಯಿತೋ, ಆಟ ಅಲ್ಲಿಗೇ ಮುಗಿಯಿತು. ಅದೇ ಬಯಲಿನಲ್ಲಿ ಕೋರಾಕ್ಸ್ ಅಂತ ಒಬ್ಬ ಹೆಣತಿನಿ ಭೂತ ಇದ್ದಾನೆ. ಆ ನೋಟ ಅವನಿಗೆ ತಾಗುವುದಿಲ್ಲ. ಅವನನ್ನು ಒಲಿಸಿಕೊಂಡರೆ ಸ್ವಲ್ಪ ಹೊತ್ತು ನಿಮ್ಮ ಪರವಾಗಿ ಹೊಡೆದಾಡುತ್ತಾನೆ, ಆಮೇಲೆ ತಿರುಗಿ ಬೀಳುತ್ತಾನೆ. ಅವನನ್ನು ಮುಂದೆ ಬಿಟ್ಟು, ತಾವು ಕಣ್ಣಿಗೆ ಬೀಳದಂತೆ ಹಿಂದೆ ನಿಂತು ಬಯಲು ಖಾಲಿ ಮಾಡಿಸುವುದು ಒಂಟಿ ಆಟಗಾರರ ಮೆಚ್ಚಿನ ಉಪಾಯ. ತೋಳಿನ ಬಲಕ್ಕಿಂತ ಇಲ್ಲಿ ಕೆಲಸಕ್ಕೆ ಬರುವುದು ತಿಳಿವಳಿಕೆ. ಯಾವ ಮೂಲೆಯಲ್ಲಿ ಏನಿದೆ, ಯಾವ ಬಾಟಲಿ ಯಾವಾಗ ಕುಡಿಯಬೇಕು, ಯಾವ ಜಗಳದಿಂದ ಸುಮ್ನೆ ದೂರ ಇರಬೇಕು ಅನ್ನುವ ತಿಳಿವಳಿಕೆ.

ಗುಂಪು ಕಟ್ಟಿದಾಗ ತಲೆಗೆ ಬೀಳುವ ಕೆಲಸವೇ ಬೇರೆ. ಒಬ್ಬರಿಗೆ ಒಂದು ಸರದಿಯಲ್ಲಿ ಆರು ಆಯ್ಕೆ ಇವೆ ಅಂದರೆ ನೀವು ಆರರಲ್ಲಿ ಒಂದು ಆರಿಸಿದರಾಯಿತು. ನಾಲ್ವರಿದ್ದರೆ ಆಯ್ಕೆಗಳ ಜೋಡಣೆ 1,296. ಯಾರು ಮೊದಲು, ಯಾರು ಆಮೇಲೆ ಅನ್ನುವುದನ್ನೂ ಸೇರಿಸಿದರೆ 31,104. ಅಷ್ಟನ್ನೂ ಯಾರೂ ಯೋಚಿಸುವುದಿಲ್ಲ, ನಿಜ. ಅಭ್ಯಾಸದಿಂದ ಬಹುಪಾಲನ್ನು ನೋಡದೆಯೇ ಬಿಡುತ್ತೇವೆ. 2006ರ ‘ಫೈನಲ್ ಫ್ಯಾಂಟಸಿ 12’ ಈ ಹೊರೆ ಇಳಿಸಲು ಒಂದು ಸೊಗಸಾದ ದಾರಿ ಕೊಟ್ಟಿತು. ಪ್ರತಿ ಜೊತೆಗಾರರಿಗೂ ಒಂದು ಪಟ್ಟಿ ಬರೆದಿಡಿ: ಗೆಳೆಯರ ಜೀವ ಅರ್ಧಕ್ಕಿಂತ ಇಳಿದರೆ ಗುಣಪಡಿಸು, ಇಲ್ಲವಾದರೆ ಹತ್ತಿರದ ಶತ್ರುವಿಗೆ ಹೊಡೆ. ಪಾತ್ರ ಮೇಲಿನಿಂದ ಕೆಳಗೆ ಓದುತ್ತಾ, ಹೊಂದುವ ಮೊದಲ ಸಾಲನ್ನು ಪಾಲಿಸುತ್ತದೆ. ಅದು ನೇರವಾಗಿ ಒಂದು ಪುಟ್ಟ ಪ್ರೋಗ್ರಾಮ್. ಸಾಲುಗಳ ಕ್ರಮ ತಪ್ಪಿದರೆ, ಪಕ್ಕದಲ್ಲಿ ಗೆಳೆಯ ಸಾಯುತ್ತಿದ್ದರೂ ಪಾತ್ರ ಕತ್ತಿ ಬೀಸುತ್ತಲೇ ಇರುತ್ತದೆ. ಎಷ್ಟೋ ಮಂದಿ ಗೊತ್ತಿಲ್ಲದೆಯೇ ಪ್ರೋಗ್ರಾಮಿಂಗ್‌ನ ಮೊದಲ ಪಾಠ ಕಲಿತದ್ದು ಹೀಗೆ ಅಂತ ನಾನು ನಂಬಿದ್ದೇನೆ.

ಜೊತೆಗಾರರು ಬಾಗಿಲಿಗೆ ಅಡ್ಡ ನಿಲ್ಲುತ್ತಾರೆ ಅನ್ನುವುದು ಹಳೇ ದೂರು. 2011ರ ‘ಸ್ಕೈರಿಮ್’ ಆಡಿದವರಿಗೆ ಅದರ ಜೊತೆಗಾತಿ ಲಿಡಿಯಾ ನೆನಪಿರಬಹುದು. ದಾರಿ ಹುಡುಕುವ ಗಣಿತ ಹೊಸದೇನಲ್ಲ. ಆಟಗಳಲ್ಲಿ ಹೆಚ್ಚಾಗಿ ಬಳಸುವ ‘ಎ ಸ್ಟಾರ್’ ವಿಧಾನ 1968ರದ್ದು, ಶೇಕಿ ಅನ್ನುವ ರೋಬಾಟ್‌ನ ಕೆಲಸದಿಂದ ಹುಟ್ಟಿದ್ದು. ಗೋಡೆ ಸುತ್ತಿ ಹೋಗುವುದು ಅದಕ್ಕೆ ಸಲೀಸು. ಆದರೆ ನೀವು ಈಗ ಯಾವ ಕಡೆ ಹೊರಡುತ್ತೀರಿ, ನಿಮಗೆ ಎಲ್ಲಿ ಜಾಗ ಬಿಡಬೇಕು ಅನ್ನುವುದು ದಾರಿಯ ಪ್ರಶ್ನೆಯಲ್ಲ, ಮನಸ್ಸಿನ ಪ್ರಶ್ನೆ.

ಇಷ್ಟೆಲ್ಲ ಎಡವಟ್ಟಿದ್ದರೂ ಅವರ ಮೇಲೆ ನಮಗೆ ಪ್ರೀತಿ ಹುಟ್ಟುತ್ತದೆ. 1944ರಲ್ಲಿ ಮನಶ್ಶಾಸ್ತ್ರಜ್ಞರಾದ ಫ್ರಿಟ್ಸ್ ಹೈಡರ್ ಮತ್ತು ಮೇರಿಯಾನ್ ಸಿಮೆಲ್ ಎರಡು ತ್ರಿಕೋನ, ಒಂದು ವೃತ್ತ ಅತ್ತಿತ್ತ ಸರಿದಾಡುವ ಚಿತ್ರವನ್ನು ಜನರಿಗೆ ತೋರಿಸಿದರು. ನೋಡಿದವರು ಆಕಾರಗಳ ಕಥೆ ಹೇಳಲಿಲ್ಲ. ಪುಂಡಾಟ, ಭಯ, ಬೆನ್ನಟ್ಟುವಿಕೆಯ ಕಥೆ ಹೇಳಿದರು. ತ್ರಿಕೋನಕ್ಕೇ ಮನಸ್ಸು ಕೊಡುವ ನಾವು, ಮುಖ, ದನಿ, ಹೆಸರು ಇರುವವರಿಗೆ ಕೊಡದೆ ಇರುತ್ತೇವೆಯೇ?

ಇನ್ನೂ ಗಾಢವಾದದ್ದು ‘ಸೈಬರ್‌ಬಾಲ್’ ಪ್ರಯೋಗ. ಪರದೆಯ ಮೇಲೆ ಮೂವರು ಚೆಂಡು ಎಸೆದಾಡುತ್ತಾರೆ. ಸ್ವಲ್ಪ ಹೊತ್ತಾದ ಮೇಲೆ ಉಳಿದಿಬ್ಬರು ನಿಮಗೆ ಚೆಂಡು ಕೊಡುವುದನ್ನೇ ನಿಲ್ಲಿಸುತ್ತಾರೆ. ಅಷ್ಟೇ ಸಾಕು, ಮನಸ್ಸು ಮುದುಡುತ್ತದೆ. ಕಿಪ್ಲಿಂಗ್ ವಿಲಿಯಮ್ಸ್ ಮತ್ತು ಜೊತೆಯವರು 2004ರಲ್ಲಿ ತೋರಿಸಿದ್ದೇನೆಂದರೆ, ಆ ಇಬ್ಬರು ಮನುಷ್ಯರಲ್ಲ, ಕಂಪ್ಯೂಟರ್ ಅಂತ ಮೊದಲೇ ಹೇಳಿದ್ದರೂ ಜನರಿಗೆ ನೋವಾಗುತ್ತದೆ. ನಮ್ಮನ್ನು ಯಾರೋ ಗಮನಿಸುತ್ತಿದ್ದಾರೋ ಇಲ್ಲವೋ ಅನ್ನುವುದಕ್ಕೆ ಮನಸ್ಸು ಅಷ್ಟು ಬೇಗ ಮಿಡಿಯುತ್ತದೆ.

ನನ್ನ ಮಟ್ಟಿಗೆ ಇಡೀ ವಿಷಯದ ಗುಟ್ಟು ಇಲ್ಲಿದೆ. ಜೊತೆಗಾರರು ಕೊಡುವ ದೊಡ್ಡ ವಸ್ತು ಅಂದರೆ ಗಮನ. 2023ರ ‘ಬಾಲ್ಡರ್ಸ್ ಗೇಟ್ 3’ರಲ್ಲಿ ನೀವು ಸುಳ್ಳು ಹೇಳಿದರೆ, ಯಾರನ್ನೋ ಉಳಿಸಿದರೆ, ಇವರು ಮೆಚ್ಚಿದರು, ಅವರಿಗೆ ಹಿಡಿಸಲಿಲ್ಲ ಅಂತ ಪರದೆಯಲ್ಲಿ ಒಂದು ಸಾಲು ಮೂಡಿ ಮಾಯವಾಗುತ್ತದೆ. ರಾತ್ರಿ ಬಿಡಾರದಲ್ಲಿ ಅದರ ಮಾತು ಬರುತ್ತದೆ. ಮೊದಲ ಭಾಗದ ಜೊತೆಗಾರ ಮಿನ್ಸ್ಕ್ ಇನ್ನೂ ನಿಷ್ಠುರ. ಸೆರೆಯಲ್ಲಿರುವ ತನ್ನ ಗೆಳತಿ ಡೈನಾಹೀರ್‌ಳನ್ನು ಬಿಡಿಸಿಕೊಂಡು ಬರೋಣ ಅಂತ ಬೇಡಿಕೊಳ್ಳುತ್ತಾನೆ. ಬೇರೆ ಕೆಲಸಗಳಲ್ಲಿ ಮುಳುಗಿ ತಡ ಮಾಡಿದಿರೋ, ಜೊತೆ ಬಿಡುತ್ತಾನೆ. ನೀವು ಮಾಡಿದ್ದೂ ಮಾಡದೆ ಬಿಟ್ಟದ್ದೂ ಯಾರಿಗೋ ಕಾಣುತ್ತಿದೆ. ಒಂಟಿಯಾಗಿ ಆಡುವಾಗ ಅದೇ ಕಳ್ಳತನ ಬರೀ ಕಳ್ಳತನ, ಅದೇ ದಯೆ ಒಂದಷ್ಟು ಅಂಕ.

ನಿಕೊಲಾ ಡ್ಯುಶೆನೋ, ನಿಕ್ ಯೀ ಮತ್ತಿತರರು 2006ರಲ್ಲಿ ‘ವರ್ಲ್ಡ್ ಆಫ್ ವಾರ್‌ಕ್ರಾಫ್ಟ್’ ಆಟಗಾರರನ್ನು ಗಮನಿಸಿ ಕಂಡದ್ದೂ ಇದರ ಹತ್ತಿರವೇ ಇದೆ. ಲಕ್ಷಾಂತರ ಜನ ಒಟ್ಟಿಗಿರುವ ಆ ಲೋಕದಲ್ಲೂ ಬಹಳಷ್ಟು ಜನ ಬಹಳ ಹೊತ್ತು ಒಬ್ಬರೇ ಆಡುತ್ತಿದ್ದರು. ಹಾಗಂತ ಸುತ್ತಲಿನವರು ಬೇಡವಾಗಿರಲಿಲ್ಲ. ಅವರು ನೋಡುಗರಾಗಿ, ನೋಡಲು ಸಿಗುವ ಸಡಗರವಾಗಿ, ಸುತ್ತಲಿನ ಗುಜುಗುಜು ಸದ್ದಾಗಿ ಬೇಕಾಗಿದ್ದರು.

ಹಾಗಾಗಿ ಒಂಟಿ ಆಟಕ್ಕೆ ಬಲ ತುಂಬಿಕೊಟ್ಟರೆ ಸಾಲದು. ಆಟ ತಯಾರಿಸುವವರು ಒಂಟಿಯಾಗಿ ಹೊರಟವರನ್ನು ಆ ಲೋಕವೂ ಗುರುತಿಸುವಂತೆ ಮಾಡಬೇಕು. ಇಷ್ಟು ದೂರ ಒಬ್ಬರೇ ಬಂದಿರಾ ಅಂತ ಛತ್ರದವರು ಕೇಳಲಿ. ಶತ್ರು ನಾಯಕ ಹಗುರವಾಗಿ ಮಾತಾಡಿ ಪೆಟ್ಟು ತಿನ್ನಲಿ. ಇದಕ್ಕೆ ಖರ್ಚಾಗುವುದು ನಾಲ್ಕಾರು ಸಾಲು ಮಾತು.

ಹೊಸಬರು ಯಾವುದರಿಂದ ಶುರು ಮಾಡಬೇಕು ಅಂತ ಕೇಳಿದರೆ, ಜೊತೆಗಾರರೊಂದಿಗೇ ಅನ್ನುತ್ತೇನೆ. ಗುಂಪಿನಲ್ಲಿ ಒಬ್ಬರು ಬಿದ್ದರೂ ಆಟ ಮುಂದುವರಿಯುತ್ತದೆ, ಬಿದ್ದಿದ್ದು ಯಾಕೆ ಅಂತ ನೋಡಿ ಕಲಿಯಲು ಸಮಯ ಸಿಗುತ್ತದೆ. ಬ್ಯಾಸಿಲಿಸ್ಕ್ ಎಲ್ಲಿದೆ, ಬಲೆ ಎಲ್ಲಿ ಹೂತಿದೆ ಅನ್ನುವುದು ತಲೆಯಲ್ಲಿ ಕೂತ ಮೇಲೆ ಎರಡನೇ ಸಲ ಒಬ್ಬರೇ ಹೊರಡಿ. ಆಗ ಮಂತ್ರವೂ ಕತ್ತಿಯೂ ಎರಡೂ ಗೊತ್ತಿರುವ ಪಾತ್ರ ಆರಿಸಿಕೊಳ್ಳಿ. ಬಾಲ್ಡರ್ಸ್ ಗೇಟ್‌ನಲ್ಲಿ ಅಂಥ ಪಾತ್ರಕ್ಕೆ ಅಂಕ ಎರಡು ವಿದ್ಯೆಗಳಲ್ಲಿ ಹಂಚಿಹೋಗುತ್ತದೆ, ಆದರೆ ಹಂಚಿಕೊಳ್ಳಲು ಬೇರೆ ಯಾರೂ ಇಲ್ಲದಿರುವುದರಿಂದ ಅದು ಅಷ್ಟೇನೂ ಬಾಧಿಸುವುದಿಲ್ಲ.