ಎಂಡೋಮೆಟ್ರಿಯೋಸಿಸ್ ಪತ್ತೆಯಲ್ಲಿ ಎಂಆರ್‌ಐ: ರಕ್ತದ ಚೀಲದಿಂದ ರೋಗದ ನಕ್ಷೆಯವರೆಗೆ

ಗರ್ಭಕೋಶದ ಒಳಪದರವನ್ನು ಹೋಲುವ ಅಂಗಾಂಶ ಅಂಡಾಶಯ, ಗುದನಾಳ, ಮೂತ್ರಕೋಶಗಳ ಆಸುಪಾಸಿನಲ್ಲಿ ಬೆಳೆಯುವ ಕಾಯಿಲೆಯೇ ಎಂಡೋಮೆಟ್ರಿಯೋಸಿಸ್. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಸಂತಾನೋತ್ಪತ್ತಿಯ ವಯಸ್ಸಿನ ಮಹಿಳೆಯರಲ್ಲಿ ಸುಮಾರು ಶೇ. 10ರಷ್ಟು ಮಂದಿಯನ್ನು ಇದು ಕಾಡುತ್ತದೆ. ಅಮೆರಿಕದ ಸ್ತ್ರೀರೋಗ ತಜ್ಞ ಜಾನ್ ಸ್ಯಾಂಪ್ಸನ್ 1921ರಲ್ಲಿ ಅಂಡಾಶಯದ ‘ಚಾಕೊಲೇಟ್ ಸಿಸ್ಟ್’ಗಳನ್ನು, ಅಂದರೆ ಹಳೆಯ ರಕ್ತ ತುಂಬಿದ ಚೀಲಗಳನ್ನು ವಿವರಿಸಿದಾಗ, ಅವನ್ನು ಕಣ್ಣಾರೆ ಕಾಣಲು ಹೊಟ್ಟೆ ಕೊಯ್ಯಲೇಬೇಕಿತ್ತು. ಮುಂದೆ ಸಣ್ಣ ರಂಧ್ರದ ಮೂಲಕ ಕ್ಯಾಮೆರಾ ತೂರಿಸಿ ಹೊಟ್ಟೆಯೊಳಗೆ ನೋಡುವ ಲ್ಯಾಪರೊಸ್ಕೋಪಿ ಬಂದು ಗಾಯ ಚಿಕ್ಕದಾಯಿತಾದರೂ, ರೋಗ ಇದೆಯೋ ಇಲ್ಲವೋ ಎಂದು ತಿಳಿಯುವುದಕ್ಕೇ ಅರಿವಳಿಕೆ ಕೊಟ್ಟು ಆಪರೇಷನ್ ಮಾಡುವ ಪದ್ಧತಿ ದಶಕಗಟ್ಟಲೆ ಉಳಿಯಿತು.

ಕಾಂತಕ್ಷೇತ್ರದ ನೆರವಿನಿಂದ ದೇಹದೊಳಗಿನ ಚಿತ್ರ ತೆಗೆಯುವ ಎಂಆರ್‌ಐ ಸ್ಕ್ಯಾನ್ ಇಲ್ಲಿಗೆ ಕಾಲಿಟ್ಟದ್ದು ರಕ್ತದ ಮೂಲಕ. ಚೀಲದೊಳಗೆ ಮತ್ತೆ ಮತ್ತೆ ಸ್ರವಿಸಿ ಗಟ್ಟಿಯಾದ, ಕಬ್ಬಿಣದಂಶ ಹೆಚ್ಚಿರುವ ರಕ್ತವು ಟಿ1 ಚಿತ್ರದಲ್ಲಿ ಬೆಳ್ಳಗೆ ಹೊಳೆಯುತ್ತದೆ (ಟಿ1, ಟಿ2 ಎಂದರೆ ಒಂದೇ ಭಾಗವನ್ನು ಯಂತ್ರದ ಬೇರೆ ಬೇರೆ ಹೊಂದಾಣಿಕೆಯಲ್ಲಿ ತೆಗೆದ ಎಂಆರ್‌ಐ ಚಿತ್ರಗಳು). ಅದೇ ಚೀಲ ಟಿ2 ಚಿತ್ರದಲ್ಲಿ ಮಬ್ಬಾಗುತ್ತದೆ. ಜಪಾನಿನ ಕಾವೋರಿ ತೊಗಾಶಿ ಮತ್ತು ಸಹೋದ್ಯೋಗಿಗಳು 1991ರಲ್ಲಿ ಪ್ರಕಟಿಸಿದ ಅಧ್ಯಯನ ಈ ಜೋಡಿ ಲಕ್ಷಣಕ್ಕೆ ಗಟ್ಟಿ ನೆಲೆ ಒದಗಿಸಿತು. ಕೊಬ್ಬು ತುಂಬಿದ ಡರ್ಮಾಯ್ಡ್ ಗಡ್ಡೆಯೂ ಟಿ1ನಲ್ಲಿ ಹೊಳೆಯುವುದರಿಂದ ಮೋಸಹೋಗುವ ಸಂಭವವಿತ್ತು. ಕೊಬ್ಬಿನ ಸಂಕೇತವನ್ನು ಅಡಗಿಸಿ ಚಿತ್ರ ತೆಗೆಯುವ ತಂತ್ರ ಆ ಗೊಂದಲವನ್ನು ನಿವಾರಿಸಿತು: ಕೊಬ್ಬು ಕಪ್ಪಾಗುತ್ತದೆ, ರಕ್ತ ಬೆಳ್ಳಗೇ ಉಳಿಯುತ್ತದೆ.

ಆದರೆ ನೋವಿನಿಂದ ನರಳಿಸುವ ರೋಗ ಚೀಲದಲ್ಲೇ ಇರಬೇಕೆಂದಿಲ್ಲ. ಹೊಟ್ಟೆಯೊಳಗಿನ ಅಂಗಗಳನ್ನು ಆವರಿಸಿದ ಪೆರಿಟೋನಿಯಂ ಪೊರೆಯಿಂದ 5 ಮಿ.ಮೀ.ಗಿಂತ ಆಳಕ್ಕೆ ಇಳಿಯುವ ಬಗೆಯಲ್ಲಿ ರಕ್ತಕ್ಕಿಂತ ನಾರಿನ ಅಂಗಾಂಶವೇ ಹೆಚ್ಚು. ಗರ್ಭಕೋಶದ ಹಿಂದಿನ ಕಟ್ಟುಗಳಲ್ಲೋ ಗುದನಾಳದ ಗೋಡೆಯಲ್ಲೋ ಅದು ಟಿ2 ಚಿತ್ರದಲ್ಲಿ ಕಪ್ಪು ಪಟ್ಟಿಯಾಗಿ, ಅಂಚು ಎಳೆದುಕೊಂಡ ಗಂಟಾಗಿ ಕಾಣುತ್ತದೆ. ಎರಡೂ ಅಂಡಾಶಯಗಳು ಗರ್ಭಕೋಶದ ಹಿಂದೆ ಒಂದಕ್ಕೊಂದು ಅಂಟಿಕೊಂಡಿರುವುದೂ ಉಂಟು. ಇಂಥದ್ದನ್ನು ಹುಡುಕತೊಡಗಿದ ಮೇಲೆ ಸ್ಕ್ಯಾನ್‌ನ ಕೆಲಸವೇ ಬದಲಾಯಿತು. ಗಂಟು ಕರುಳಿನಲ್ಲಿ ಎಷ್ಟು ಉದ್ದಕ್ಕೆ ಹಬ್ಬಿದೆ, ಗುದದ್ವಾರದಿಂದ ಎಷ್ಟು ದೂರದಲ್ಲಿದೆ, ಮೂತ್ರನಾಳವನ್ನು ಬಿಗಿದಿದೆಯೇ ಎಂಬುದು ಮೊದಲೇ ತಿಳಿದರೆ, ಕರುಳಿನ ಸರ್ಜನ್ ಕೂಡ ಆಪರೇಷನ್ ಕೋಣೆಯಲ್ಲಿ ಇರಬೇಕೇ ಎಂದು ನಿರ್ಧರಿಸಬಹುದು. ನನ್ನ ದೃಷ್ಟಿಯಲ್ಲಿ ಎಂಆರ್‌ಐನ ನಿಜವಾದ ಲಾಭ ಇದೇ. ಇದಕ್ಕೆ ಸಿದ್ಧತೆಯೂ ಬೇಕು: ಕೆಲವು ಗಂಟೆ ಉಪವಾಸ, ಕರುಳಿನ ಚಲನೆ ತಗ್ಗಿಸುವ ಇಂಜೆಕ್ಷನ್, ಅರೆ ತುಂಬಿದ ಮೂತ್ರಕೋಶ. ಕರುಳು ಅಲುಗಿದರೆ ಸಣ್ಣ ಗಂಟು ಮಸುಕಿನಲ್ಲಿ ಕಳೆದುಹೋಗುತ್ತದೆ.

ಯುರೋಪಿನ ಮಾನವ ಸಂತಾನೋತ್ಪತ್ತಿ ಮತ್ತು ಭ್ರೂಣಶಾಸ್ತ್ರ ಸಂಘ 2022ರ ಮಾರ್ಗಸೂಚಿಯಲ್ಲಿ, ಲ್ಯಾಪರೊಸ್ಕೋಪಿಯನ್ನು ರೋಗಪತ್ತೆಯ ಅಂತಿಮ ಮಾನದಂಡದ ಸ್ಥಾನದಿಂದ ಇಳಿಸಿತು. ಸ್ಕ್ಯಾನ್‌ನಲ್ಲಿ ಏನೂ ಕಾಣದಿದ್ದರೆ, ಅಥವಾ ಔಷಧಿಯಿಂದ ಗುಣ ಕಾಣದಿದ್ದರೆ ಮಾತ್ರ ಅದನ್ನು ಪರಿಗಣಿಸಬಹುದು ಎಂಬುದು ಅದರ ನಿಲುವು. ಎಂಆರ್‌ಐನ ಮಿತಿಯೂ ಅದರಲ್ಲೇ ಅಡಗಿದೆ. ಪೊರೆಯ ಮೇಲೆ ತೆಳುವಾಗಿ ಹರಡಿದ ಚುಕ್ಕೆಗಳು ಅದರ ಕಣ್ಣಿಗೆ ಬೀಳುವುದು ಅಪರೂಪ. ಹೀಗಾಗಿ ‘ನಾರ್ಮಲ್’ ಎಂಬ ವರದಿ ಕೈಗೆ ಬಂದರೂ ಮುಟ್ಟಿನ ನೋವಿನ ದೂರನ್ನು ತಳ್ಳಿಹಾಕಲು ವೈದ್ಯರಿಗೆ ಆಧಾರವಿಲ್ಲ. ಲಕ್ಷಣಗಳು ಇದೇ ಕಾಯಿಲೆಯತ್ತ ಬೊಟ್ಟುಮಾಡಿದರೆ ಔಷಧಿ ಆರಂಭಿಸಲು ಅಡ್ಡಿಯೂ ಇಲ್ಲ.