ರೆಗ್ಯುಲೇಟರ್ ಬಿಚ್ಚುವ ಮೊದಲು ಸ್ಪೇರ್ ಹುಡುಕಿ

ಸಿಲಿಂಡರಿನ ಗಾಳಿಯ ಒತ್ತಡ ಇಳಿಸಿ ಮುಳುಗುವವರಿಗೆ ಉಸಿರಾಡಲು ಕೊಡುವ ಸ್ಕೂಬಾ ರೆಗ್ಯುಲೇಟರನ್ನು ಬಿಚ್ಚಿ, ತೊಳೆದು, ಮತ್ತೆ ಜೋಡಿಸುವುದು ಕೈ ಪಳಗಿದವರಿಗೆ ಒಂದು ಮಧ್ಯಾಹ್ನದ ಕೆಲಸ. ಅದಕ್ಕೆ ಸ್ಪೇರ್ ಹೊಂದಿಸಲು ವಾರಗಟ್ಟಲೆ ಹಿಡಿಯುತ್ತದೆ. ದೊಡ್ಡ ಕಂಪನಿಗಳು ಸರ್ವಿಸ್ ಕಿಟ್ಟನ್ನು ಸಾಮಾನ್ಯವಾಗಿ ತಮ್ಮ ಡೀಲರ್‌ಗಳಿಗೆ, ತರಬೇತಿ ಪಡೆದ ಮೆಕ್ಯಾನಿಕ್‌ಗಳಿಗೆ ಮಾತ್ರ ಕೊಡುತ್ತವೆ. ಉಸಿರಿಗೆ ಸಂಬಂಧಪಟ್ಟ ಸಾಧನ, ಯಾರೋ ತಪ್ಪು ಜೋಡಿಸಿ ಅನಾಹುತವಾದರೆ ಕೋರ್ಟು ಹತ್ತಬೇಕಾದೀತು ಎಂಬ ಭಯ ಒಂದು ಕಡೆ. ಡೀಲರ್‌ನ ಸರ್ವಿಸ್ ವ್ಯಾಪಾರ ಉಳಿಯಲಿ ಎಂಬ ಲೆಕ್ಕಾಚಾರವೂ ಇಲ್ಲದಿಲ್ಲ. ಹಾಗಾಗಿ ಸ್ಪೇರ್ ಕೈಗೆ ಬರುವ ತನಕ ಸ್ಪ್ಯಾನರ್ ಮುಟ್ಟಬೇಡಿ. ಬಿಚ್ಚಿದ ಓ-ರಿಂಗನ್ನೇ (ಗಾಳಿ ಸೋರದಂತೆ ತಡೆಯುವ ರಬ್ಬರ್ ಉಂಗುರ) ಮತ್ತೆ ಕೂರಿಸುವ ಆಸೆ ಹುಟ್ಟುವುದು ಕಿಟ್ ಇಲ್ಲದೆ ಬಿಚ್ಚಿ ಕುಳಿತಾಗಲೇ.

ಹುಡುಕಾಟ ಶುರುವಾಗಬೇಕಾದದ್ದು ಆ ಮಾಡೆಲ್‌ನ ಬಿಡಿಭಾಗಗಳ ನಕ್ಷೆಯಿಂದ, ಅಂದರೆ ಸ್ಕಿಮ್ಯಾಟಿಕ್‌ನಿಂದ. ಅದರಲ್ಲಿ ಪ್ರತಿ ಭಾಗಕ್ಕೂ ಕಂಪನಿಯ ನಂಬರ್ ಇರುತ್ತದೆ. ಸ್ಕೂಬಾಪ್ರೊ ನಂಬರ್‌ಗಳು ನಡುವೆ ಚುಕ್ಕಿ ಇಟ್ಟ 8 ಅಂಕಿಯವು, ಎಪೆಕ್ಸ್‌ನವು ಎಪಿ ಎಂದು ಶುರುವಾಗುತ್ತವೆ. ಮಾಡೆಲ್ ಹೆಸರೊಂದನ್ನೇ ನಂಬಿ ಆರ್ಡರ್ ಮಾಡಬಾರದು. ಸ್ಕೂಬಾಪ್ರೊ ಎಂಕೆ5 ಅದೇ ಹೆಸರಿನಲ್ಲಿ ಇದ್ದಾಗಲೇ ಒಳಗಿನ ಭಾಗಗಳು ಹಲವು ಸಲ ಬದಲಾದವು. ಪಿಸ್ಟನ್ ಸರಿದಾಡಿ ಒತ್ತಡ ಇಳಿಸುವ ಪಿಸ್ಟನ್ ಮಾದರಿಯಲ್ಲಿ ಸೀಟಿನ (ಗಾಳಿಯ ದಾರಿ ಮುಚ್ಚುವ ಮೆತ್ತನೆಯ ಬಿಲ್ಲೆ) ದಪ್ಪ ಕೂದಲೆಳೆಯಷ್ಟು ಬದಲಾದರೂ ಒತ್ತಡ ಏರುಪೇರಾಗುತ್ತದೆ.

ನಕ್ಷೆ ಮುಂದಿಟ್ಟುಕೊಂಡು ಕಿಟ್ಟಿನ ಪಟ್ಟಿ ನೋಡಿದರೆ ಅರ್ಧಕ್ಕಿಂತ ಹೆಚ್ಚು ಬರೀ ಓ-ರಿಂಗ್‌ಗಳು. ಅವುಗಳಲ್ಲಿ ಬಹುಪಾಲು ಎಎಸ್568 ಎಂಬ ಅಮೆರಿಕದ ಅಳತೆಯವು, ಯಾವ ಕಂಪನಿಯ ಸ್ವತ್ತೂ ಅಲ್ಲ. ಹೈ ಪ್ರೆಷರ್ ಪೋರ್ಟಿಗೆ 012, ಲೋ ಪ್ರೆಷರ್ ಪೋರ್ಟಿಗೆ 011, ಬಾಯಲ್ಲಿ ಕಚ್ಚಿಕೊಳ್ಳುವ ಭಾಗವಾದ ಸೆಕೆಂಡ್ ಸ್ಟೇಜ್ ಸೇರುವ ಹೋಸ್ ತುದಿಗೆ 010, ಪ್ರೆಷರ್ ಗೇಜಿನ ಸ್ವಿವೆಲ್ ಪಿನ್ನಿಗೆ 003 ಎರಡು. ಕರ್ನಾಟಕದಲ್ಲಿದ್ದವರು ಇವನ್ನು ಇಂಡಸ್ಟ್ರಿಯಲ್ ಸೀಲ್ ಮಾರುವ ಅಂಗಡಿಗಳಲ್ಲಿ ವಿಚಾರಿಸಬಹುದು. ಅಲ್ಲಿ ‘ಸ್ಕೂಬಾ ಓ-ರಿಂಗ್’ ಎಂದರೆ ಯಾರಿಗೂ ಅರ್ಥವಾಗದು. ಒಳವ್ಯಾಸ 7.65 ಮಿ.ಮೀ., ದಪ್ಪ 1.78 ಮಿ.ಮೀ., ನೈಟ್ರೈಲ್ ರಬ್ಬರ್, ಗಡಸುತನ 90 ಡ್ಯೂರೊ ಎಂದು ಕೇಳಿದರೆ 011 ಸಿಗುತ್ತದೆ.

ದಪ್ಪದ ವಿಷಯದಲ್ಲಿ ಮೋಸ ಹೋಗುವವರೇ ಹೆಚ್ಚು. 1.78 ಇಲ್ಲವೆಂದು ಅಂಗಡಿಯವರು 2 ಮಿ.ಮೀ. ಮೆಟ್ರಿಕ್ ರಿಂಗ್ ಕೊಟ್ಟರೆ ಕಣ್ಣಿಗೆ ವ್ಯತ್ಯಾಸವೇ ಕಾಣುವುದಿಲ್ಲ. ಆದರೆ ದಪ್ಪ 12 ಶೇಕಡಾ ಹೆಚ್ಚು. ತೋಡಿನಲ್ಲಿ ಕೂರದೆ ಅಂಚಿನಲ್ಲಿ ಕತ್ತರಿಸಿಕೊಳ್ಳುತ್ತದೆ, ಇಲ್ಲವೇ ಓಡಾಡುವ ಪಿಸ್ಟನ್ನನ್ನು ಬಿಗಿ ಹಿಡಿಯುತ್ತದೆ. ಅಂಗಡಿಗೆ ಹೋಗುವಾಗ ವರ್ನಿಯರ್ ಜೇಬಿನಲ್ಲಿರಲಿ. ಹಳೆಯ ರಿಂಗನ್ನು ಅಳೆದು ತರುವುದೂ ಸರಿಯಲ್ಲ, ವರ್ಷಗಟ್ಟಲೆ ಒತ್ತಿಸಿಕೊಂಡು ಅದು ಚಪ್ಪಟೆಯಾಗಿರುತ್ತದೆ. ನಕ್ಷೆಯಲ್ಲಿರುವ ಅಳತೆಯೇ ಪ್ರಮಾಣ. ಗಡಸುತನವೂ ಅಷ್ಟೇ: ಸಿಲಿಂಡರಿನ 200 ಬಾರ್ ನೇರವಾಗಿ ತಾಗುವ ಜಾಗಕ್ಕೆ 90 ಡ್ಯೂರೊ ಕೇಳಿದ್ದರೆ 70 ಹಾಕಬಾರದು. ಮೆತ್ತಗಿನ ರಬ್ಬರ್ ಸಂದಿಯೊಳಕ್ಕೆ ಹಿಂಡಿಕೊಂಡು ಹರಿಯುತ್ತದೆ.

ಇಷ್ಟನ್ನು ಹೊರಗೆ ಕೊಂಡರೆ ಕಂಪನಿಯದೇ ಬೇಕೆನ್ನುವ ಭಾಗಗಳು ಕೆಲವೇ ಉಳಿಯುತ್ತವೆ: ಹೈ ಪ್ರೆಷರ್ ಸೀಟು, ಲೋ ಪ್ರೆಷರ್ ಸೀಟು, ಡಯಾಫ್ರಮ್ (ಒತ್ತಡಕ್ಕೆ ಬಾಗುವ ತೆಳು ಹಾಳೆ), ಮತ್ತೆ ಆ ಮಾಡೆಲ್‌ಗಷ್ಟೇ ಮೀಸಲಾದ ಒಂದೆರಡು ವಾಷರ್. ಜೀವ ಇರುವುದು ಹೈ ಪ್ರೆಷರ್ ಸೀಟಿನಲ್ಲಿ. ಕುಕ್ಕರ್ ಗ್ಯಾಸ್ಕೆಟ್‌ನಂತೆ ‘ಅಳತೆ ಒಂದೇ, ನಡೆಯುತ್ತೆ’ ಎನ್ನುವ ಮಾತು ಇಲ್ಲಿ ನಡೆಯದು.

ಆ ಸೀಟನ್ನು 10 ಪಟ್ಟು ದೊಡ್ಡದಾಗಿ ತೋರಿಸುವ ಲೂಪ್‌ನಲ್ಲಿ ನೋಡಿ. ಲೋಹದ ಚೂಪಂಚು ಒತ್ತಿದಲ್ಲಿ ಉಂಗುರದಂತೆ ಗುರುತು ಬಿದ್ದಿರುತ್ತದೆ. ಗುರುತು ಸುತ್ತಲೂ ಒಂದೇ ಆಳ, ಒಂದೇ ಅಗಲ ಇದ್ದರೆ ಸೀಟು ಸಹಜವಾಗಿ ಸವೆದಿದೆ ಎಂದರ್ಥ. ಒಂದು ಕಡೆ ಗೀರು, ಕಚ್ಚು ಕಂಡರೆ ಅದೇ ಜಾಗಕ್ಕೆ ಎದುರಾಗಿ ಚೂಪಂಚಿನಲ್ಲೂ ಏಟು ಬಿದ್ದಿರುವ ಸಾಧ್ಯತೆ ಹೆಚ್ಚು. ಪಿಸ್ಟನ್ ಮಾದರಿಯಲ್ಲಿ ಆ ಅಂಚು ಪಿಸ್ಟನ್ನಿನ ತುದಿಯಲ್ಲೇ ಇರುವುದರಿಂದ ಪಿಸ್ಟನ್ ಬದಲಿಸಬಹುದು. ಡಯಾಫ್ರಮ್ ಮಾದರಿಗಳಲ್ಲಿ ಕೆಲವಕ್ಕೆ ಅಂಚಿನ ಭಾಗ ಬೇರೆಯಾಗಿ ಸಿಗುತ್ತದೆ, ಕೆಲವದರಲ್ಲಿ ಅದು ಬಾಡಿಯಲ್ಲೇ ಕಡೆದಿರುತ್ತದೆ. ಅಂಥದ್ದಕ್ಕೆ ಏಟಾಗಿದ್ದರೆ ಎಷ್ಟು ಸೀಟು ಕೊಂಡರೂ ದಂಡ. ಈ ಏಟು ಬಹುಮಟ್ಟಿಗೆ ಉಕ್ಕಿನ ಪಿಕ್ ಹಿಡಿದು ಓ-ರಿಂಗ್ ಕೆದಕಿದವರ ಕೊಡುಗೆ. ಹಿತ್ತಾಳೆಯ ಪಿಕ್ ಬಳಸಿ.

ಸೀಟು ಸರಿ ಕೂತಿದೆಯೇ ಎಂದು ಹೇಳುವುದು ಗೇಜು. 0ಯಿಂದ 20 ಬಾರ್ ತೋರಿಸುವ ಗೇಜಿಗೆ ಬಿಸಿಡಿ (ತೇಲಲು ಗಾಳಿ ತುಂಬುವ ಜಾಕೆಟ್) ಹೋಸಿಗೆ ಸಿಕ್ಕುವ ತುದಿ ಹಾಕಿದರೆ ಇಂಟರ್‌ಮೀಡಿಯೆಟ್ ಪ್ರೆಷರ್, ಅಂದರೆ ಸಿಲಿಂಡರಿಗೆ ಸಿಕ್ಕಿಸುವ ಫಸ್ಟ್ ಸ್ಟೇಜ್ ಇಳಿಸಿ ಕೊಡುವ ಒತ್ತಡ, ಕಾಣುತ್ತದೆ. ಬಹುಪಾಲು ಮಾಡೆಲ್‌ಗಳಿಗೆ ಅದು 9ರಿಂದ 10 ಬಾರ್. ನಿಖರ ಅಂಕಿ ಕಂಪನಿಯ ಮ್ಯಾನ್ಯುಯಲ್‌ನಲ್ಲಿರುತ್ತದೆ. ಸೆಕೆಂಡ್ ಸ್ಟೇಜಿನ ಪರ್ಜ್ ಗುಂಡಿ ಒತ್ತಿ ಬಿಟ್ಟಾಗ ಮುಳ್ಳು ಇಳಿದು, ಥಟ್ಟನೆ ಮೇಲೆದ್ದು ನಿಲ್ಲಬೇಕು. ಹೊಸ ಸೀಟು ಅಂಚಿಗೆ ಹೊಂದಿಕೊಳ್ಳುವ ತನಕ ಮುಳ್ಳು ತುಸು ಏರಿದರೆ ಗಾಬರಿ ಬೇಡ, ನೂರಿನ್ನೂರು ಸಲ ಪರ್ಜ್ ಒತ್ತಿ ಮತ್ತೆ ನೋಡಿ. 10 ನಿಮಿಷ ಬಿಟ್ಟರೂ ಮೆಲ್ಲಗೆ ಏರುತ್ತಲೇ ಇದ್ದರೆ ಸೀಟು, ಅಂಚು, ಹತ್ತಿರದ ಓ-ರಿಂಗ್ ಮೂರರಲ್ಲಿ ಒಂದು ಸೋರುತ್ತಿದೆ. ಹಾಗೇ ನೀರಿಗಿಳಿದರೆ ಸೆಕೆಂಡ್ ಸ್ಟೇಜ್ ತಾನಾಗಿ ಗಾಳಿ ಬಿಡಲು ಶುರುಮಾಡುತ್ತದೆ.

ಸೆಕೆಂಡ್ ಸ್ಟೇಜ್ ಇಷ್ಟು ಕಾಡುವುದಿಲ್ಲ. ಬಿಟ್ಟ ಉಸಿರು ಹೊರಹೋಗುವ ಎಕ್ಸಾಸ್ಟ್ ವಾಲ್ವ್ ಹೊರಗಿನ ತಯಾರಕರದ್ದಾದರೂ ವ್ಯಾಸ ಹೊಂದಿದರೆ ಸಾಕು. ಜೋಡಿಸಿದ ಮೇಲೆ ಗಾಳಿ ಕೊಡದೆ, ಫಸ್ಟ್ ಸ್ಟೇಜಿನ ಬಾಯಿ ಮುಚ್ಚಿ ಮೌತ್‌ಪೀಸಿನಿಂದ ಎಳೆಯಿರಿ. ಗಾಳಿ ಬಂದರೆ ಡಯಾಫ್ರಮ್ಮಿಗೆ ತೂತು ಇದೆ ಅಥವಾ ಎಕ್ಸಾಸ್ಟ್ ವಾಲ್ವ್ ಮಡಚಿಕೊಂಡಿದೆ.

ಹಳೆಯ ರೆಗ್ಯುಲೇಟರ್ ಕೊಳ್ಳುವವರು ಬೆಲೆಗಿಂತ ಮೊದಲು ಸೀಟು ಸಿಗುತ್ತದೆಯೇ ಎಂದು ನೋಡಲಿ. ಸ್ಕೂಬಾಪ್ರೊ ಎಂಕೆ2, ಯುಎಸ್ ಡೈವರ್ಸ್‌ನ ಕಾನ್‌ಶೆಲ್ಫ್‌ನಂಥವು ಲೆಕ್ಕವಿಲ್ಲದಷ್ಟು ಮಾರಾಟವಾದವು. ಟ್ರೈಡೆಂಟ್‌ನಂಥ ಹೊರಗಿನ ತಯಾರಕರು ಬಿಡಿಭಾಗ ಮಾಡುವುದು ಇಂಥವಕ್ಕೇ. ಸ್ಕೂಬಾಪ್ರೊ 109 ಸೆಕೆಂಡ್ ಸ್ಟೇಜಿಗೆ ಅದೇ ಕಂಪನಿಯ ನಂತರದ ಎಸ್-ವಿಂಗ್ ಪಾಪೆಟ್ (ಸೀಟು ಹೊತ್ತ ವಾಲ್ವಿನ ಕಡ್ಡಿ) ಕೂರಿಸಿ ಬ್ಯಾಲೆನ್ಸ್ಡ್, ಅಂದರೆ ಗಾಳಿಯ ಒತ್ತಡ ಏರಿಳಿದರೂ ಉಸಿರೆಳೆತ ಹೆಚ್ಚು ಬದಲಾಗದಂತೆ, ಮಾಡಿಕೊಳ್ಳುವವರೂ ಇದ್ದಾರೆ. ಡೇಕರ್ ಕಥೆ ಬೇರೆ. ಮ್ಯಾರೆಸ್ ಆ ಕಂಪನಿಯನ್ನು ಕೊಂಡ ಮೇಲೆ ಹೆಸರೇ ಅಳಿಯಿತು. ಕೆಟ್ಟುಹೋದ ಇನ್ನೊಂದು ಡೇಕರ್ ಬಿಚ್ಚಿ ಭಾಗ ತೆಗೆಯುತ್ತೇನೆ ಎನ್ನುವವರು ಅದರ ಸೀಟೂ ಅಷ್ಟೇ ಹಳೆಯದು ಎಂಬುದನ್ನು ಮರೆಯುತ್ತಾರೆ.

ಸಾದಾ ಗಾಳಿಗೆ ಸಿಲಿಕೋನ್ ಗ್ರೀಸ್ ತೆಳ್ಳಗೆ ಸವರಿದರೆ ಸಾಕು. ಆಕ್ಸಿಜನ್ 40 ಶೇಕಡಾ ಮೀರಿದ ಮಿಶ್ರಣಕ್ಕೆ ಅದು ಬೆಂಕಿಯ ಅಪಾಯ. ಅಲ್ಲಿ ಕ್ರಿಸ್ಟೋಲ್ಯೂಬ್‌ನಂಥ ಆಕ್ಸಿಜನ್ ಗ್ರೀಸ್, ಅದಕ್ಕೆ ಹೊಂದುವ ವಿಟಾನ್ ಅಥವಾ ಇಪಿಡಿಎಂ ರಬ್ಬರಿನ ರಿಂಗ್, ಎಣ್ಣೆ ಜಿಡ್ಡಿಲ್ಲದ ಬೆಂಚು ಮೂರೂ ಬೇಕು.

ವಿದೇಶದಿಂದ ತರಿಸುವವರು ಹೈ ಪ್ರೆಷರ್ ಸೀಟು ಎರಡು ತರಿಸಿ, ಸಾಗಣೆಯ ಖರ್ಚು ಹೇಗೂ ಒಂದೇ. ನೇತ್ರಾಣಿಗೋ ಅಂಡಮಾನಿಗೋ ಹೊರಡುವಾಗ ಚೀಲದಲ್ಲಿ ಯೋಕ್ (ಚೌಕಟ್ಟಿನಿಂದ ಬಿಗಿಯುವ) ಸಿಲಿಂಡರಿನ ಮುಖಕ್ಕೆ 014, ಡಿನ್ (ತಿರುಪಿ ಸೇರಿಸುವ) ಇದ್ದರೆ 112, ಗೇಜಿಗೆ ಒಂದು ಜೊತೆ 003, ಮೌತ್‌ಪೀಸ್ ಕಟ್ಟುವ ಕೇಬಲ್ ಟೈ ನಾಲ್ಕು ಇರಲಿ. ದೋಣಿಯ ಮೇಲೆ ಬದಲಿಸಲು ಇಷ್ಟೇ ಸಾಧ್ಯ. ಫಸ್ಟ್ ಸ್ಟೇಜನ್ನು ಅಲ್ಲಿ ಬಿಚ್ಚಬೇಡಿ.