ಘೋಷಣೆ ಕಾನೂನಾಗುವ ಬಗೆ: ಸ್ಟಾಕ್‌ಹೋಮ್, ರಿಯೊ, ವೆಲ್ಲೂರು

1972ರ ಸ್ಟಾಕ್‌ಹೋಮ್, 1992ರ ರಿಯೊ, ವಿಶ್ವಸಂಸ್ಥೆಯ ಈ ಎರಡು ಪರಿಸರ ಸಮ್ಮೇಳನಗಳ ಕಥೆ ಎಲ್ಲ ಗೈಡ್‌ಗಳಲ್ಲೂ ಇದೆ, ಬಿಡುತ್ತೇನೆ. ತೊಡಕಿರುವುದು ಮುಂದೆ. ಆ ಊರುಗಳ ಹೆಸರು ಹೊತ್ತ ಪರಿಸರ ತತ್ವಗಳ ಪಟ್ಟಿ ಬರೀ ಘೋಷಣೆ, ಒಪ್ಪಂದವಲ್ಲ. ಪಾಲಿಸಲೇಬೇಕೆಂಬ ಕಟ್ಟು ಯಾವ ದೇಶಕ್ಕೂ ಇಲ್ಲ. ಹಾಗಿದ್ದ ಮೇಲೆ ನಮ್ಮ ಕೋರ್ಟು ಅದನ್ನಿಟ್ಟುಕೊಂಡು ಕಾರ್ಖಾನೆ ಮುಚ್ಚಿಸುವುದು ಹೇಗೆ?

ಸಂಸತ್ತಿನ ದಾರಿ ಸುಲಭ. ಸಮ್ಮೇಳನದ ನಿರ್ಣಯ ಜಾರಿಗೆ ತರಲು ರಾಜ್ಯಪಟ್ಟಿಯ (ರಾಜ್ಯಗಳಿಗೆ ಬಿಟ್ಟ) ವಿಷಯದಲ್ಲೂ ಶಾಸನ ಮಾಡಲು ಸಂವಿಧಾನದ ವಿಧಿ 253 ಅವಕಾಶ ಕೊಡುತ್ತದೆ. 1981ರ ವಾಯು ಕಾಯ್ದೆ, 1986ರ ಪರಿಸರ ಸಂರಕ್ಷಣಾ ಕಾಯ್ದೆ ಹುಟ್ಟಿದ್ದು ಹಾಗೆ. 1974ರ ಜಲ ಕಾಯ್ದೆ ಮಾತ್ರ ವಿಧಿ 252ರದ್ದು, ಅಂದರೆ ರಾಜ್ಯಗಳೇ ಕೇಳಿಕೊಂಡಾಗ ಸಂಸತ್ತು ಮಾಡುವ ಶಾಸನ. ಪರೀಕ್ಷೆಯಲ್ಲಿ ಕಾಲು ಜಾರುವುದು ಇಲ್ಲೇ.

ಕೋರ್ಟಿನ ದಾರಿಗೆ 1996ರ ವೆಲ್ಲೂರು ತೀರ್ಪು ನೋಡಬೇಕು. ತಮಿಳುನಾಡಿನ ಟ್ಯಾನರಿಗಳ (ಚರ್ಮ ಹದ ಮಾಡುವ ಕಾರ್ಖಾನೆಗಳ) ಕೊಳಚೆ ಪಾಲಾರ್ ನದಿಗೆ ಸೇರುತ್ತಿತ್ತು (ಈ ನದಿ ಹುಟ್ಟುವುದು ನಮ್ಮ ನಂದಿಬೆಟ್ಟದ ಕಡೆ). ಮುನ್ನೆಚ್ಚರಿಕೆ ತತ್ವ (ಹಾನಿ ಪೂರ್ತಿ ರುಜುವಾಗುವ ಮೊದಲೇ ತಡೆಯಬೇಕು) ಮತ್ತು 'ಕೆಡಿಸಿದವನೇ ತೆರಬೇಕು' ಎಂಬ ತತ್ವ ಈ ನೆಲದ ಕಾನೂನೇ ಎಂದಿತು ಸುಪ್ರೀಂ ಕೋರ್ಟ್. ತೀರ್ಪಿನಲ್ಲಿ ಎರಡು ವಾದ ಹೆಣೆದುಕೊಂಡಿವೆ, ಬಿಡಿಸಿ ಓದಿ.

ಒಂದು ವಾದ ನಮ್ಮ ಸಂವಿಧಾನದ್ದು: ವಿಧಿ 21 (ಬದುಕುವ ಹಕ್ಕು), 47 (ಜನಾರೋಗ್ಯ), 48ಎ (ಪರಿಸರ ಕಾಯುವುದು ಸರ್ಕಾರದ ಕೆಲಸ), 51ಎ(ಜಿ) (ಪರಿಸರ ಕಾಯುವುದು ನಾಗರಿಕರ ಕರ್ತವ್ಯ), ಜೊತೆಗೆ ಮೇಲಿನ ಮೂರು ಕಾಯ್ದೆ. ಇನ್ನೊಂದು ರೂಢಿಗತ ಅಂತರರಾಷ್ಟ್ರೀಯ ಕಾನೂನಿನದು: ದೇಶದ ಕಾನೂನಿಗೆ ವಿರುದ್ಧವಲ್ಲದ ರೂಢಿ ತಾನಾಗಿಯೇ ಅದರೊಳಗೆ ಸೇರುತ್ತದೆ. ಎರಡನೆಯದು ಸಡಿಲ. ರೂಢಿ ಅನ್ನಿಸಿಕೊಳ್ಳಲು ದೇಶಗಳು ಹಾಗೆ ನಡೆದುಕೊಳ್ಳುತ್ತಿರಬೇಕು, ಅದೂ ಕಾನೂನೆಂದು ನಂಬಿ. ಇದನ್ನು ಕೋರ್ಟು ಒರೆಗೆ ಹಚ್ಚಲೇ ಇಲ್ಲ. ಇಷ್ಟಾಗಿ, ಮುನ್ನೆಚ್ಚರಿಕೆ ರೂಢಿಯಾಗಿದೆಯೇ ಎಂದು ತೀರ್ಮಾನಿಸಲು 1998ರ ಹಾರ್ಮೋನ್ ಮಾಂಸದ (ಹಾರ್ಮೋನ್ ಕೊಟ್ಟು ಬೆಳೆಸಿದ ದನದ ಮಾಂಸದ ಆಮದಿನ) ವ್ಯಾಜ್ಯದಲ್ಲಿ ವಿಶ್ವ ವಾಣಿಜ್ಯ ಸಂಸ್ಥೆಯ ಮೇಲ್ಮನವಿ ಮಂಡಳಿಯೇ ಹೋಗಲಿಲ್ಲ. ಅಷ್ಟಾದರೂ ವೆಲ್ಲೂರು ತೀರ್ಪು ಬೀಳದು, ಮೊದಲ ವಾದವೊಂದೇ ಸಾಕು. ಉತ್ತರ ಬರೆಯುವಾಗ ವಿಧಿಗಳನ್ನು ಮೊದಲು ಬರೆಯಿರಿ, ರೂಢಿಯನ್ನು ಆಮೇಲೆ.

ನಿಜವಾದ ಬದಲಾವಣೆ ರುಜುವಾತಿನ ಹೊಣೆಯಲ್ಲಿದೆ. ಮುನ್ನೆಚ್ಚರಿಕೆಯ ಬಗ್ಗೆ ರಿಯೊ ಘೋಷಣೆಯ 15ನೇ ತತ್ವ ಹೇಳುವುದಿಷ್ಟೇ: ಗಂಭೀರ ಹಾನಿಯ ಭಯವಿದ್ದಾಗ ವಿಜ್ಞಾನ ಪೂರ್ತಿ ಖಚಿತವಾಗಿಲ್ಲವೆಂಬ ನೆಪದಲ್ಲಿ ಕ್ರಮವನ್ನು ಮುಂದೂಡಬಾರದು. ಹೊಣೆಯ ಮಾತೇ ಅಲ್ಲಿಲ್ಲ. ವೆಲ್ಲೂರು ಅದನ್ನು ಸೇರಿಸಿತು: ಹಾನಿಯಿಲ್ಲವೆಂದು ಉದ್ಯಮಿಯೇ ತೋರಿಸಬೇಕು. ಊರವರು ಲ್ಯಾಬ್ ರಿಪೋರ್ಟ್ ಹಿಡಿದು ಅಲೆಯಬೇಕಿಲ್ಲ. ಹೈದರಾಬಾದಿನ ಕುಡಿಯುವ ನೀರಿನ ಜಲಾಶಯಗಳ ಬಳಿಯ ಕಾರ್ಖಾನೆಯ ಪ್ರಕರಣದಲ್ಲಿ (ನಾಯುಡು, 1999) ಸುಪ್ರೀಂ ಕೋರ್ಟ್ ಇದನ್ನೇ ಬಿಡಿಸಿ ಹೇಳಿದೆ.

2010ರ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಕಾಯ್ದೆಯ 20ನೇ ಕಲಮು ಈ ತತ್ವಗಳನ್ನೇ ಶಾಸನಕ್ಕೆ ಬರೆದುಕೊಂಡಿತು, ರೂಢಿಯ ತಕರಾರು ಅಲ್ಲಿಗೆ ಮುಗಿಯಿತು. ಹಾಗಂತ ತತ್ವಕ್ಕೆ ಎಲ್ಲೆಯಿಲ್ಲ ಅಂದುಕೊಳ್ಳಬೇಡಿ. ಬೆಂಗಳೂರಿನ ಕೆರೆಗಳ ಸುತ್ತ ಮಾಸ್ಟರ್ ಪ್ಲಾನ್ (ನಗರ ಯೋಜನೆ) ಇಟ್ಟಿದ್ದ 30 ಮೀಟರ್ ಮೀಸಲು ಜಾಗವನ್ನು 2016ರಲ್ಲಿ ಹಸಿರು ನ್ಯಾಯಮಂಡಳಿ 75ಕ್ಕೆ ಏರಿಸಿತ್ತು. ಶಾಸನಬದ್ಧ ಮಾಸ್ಟರ್ ಪ್ಲಾನನ್ನು ನ್ಯಾಯಮಂಡಳಿ ತಿದ್ದುವಂತಿಲ್ಲವೆಂದು 2019ರಲ್ಲಿ ಸುಪ್ರೀಂ ಕೋರ್ಟ್ ಆ ಆದೇಶ ರದ್ದುಮಾಡಿತು.